ಮರೆವು ಕಾಣಿಸಿಕೊಂಡ ಮನೆಯಲ್ಲಿ ಮೆದುಳಿನ ಅಭ್ಯಾಸ



ನನ್ನದೇ ತಪ್ಪೊಂದನ್ನು ಹೇಳಿಕೊಂಡು ಈ ವಾರದ ಪಾಠವನ್ನು ಆರಂಭಿಸುತ್ತೇನೆ. ನಮ್ಮ ಧರ್ಮಕೇಂದ್ರದಲ್ಲಿ ಮರೆವಿನ ಕಾಯಿಲೆ ಆಗತಾನೇ ಕಾಣಿಸಿಕೊಂಡ ಏಳೆಂಟು ಮಂದಿ ಹಿರಿಯರಿದ್ದಾರೆ. ಎರಡು ವರ್ಷಗಳ ಹಿಂದೆ, ಇವರನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ ಬುದ್ಧಿಗೆ ಸ್ವಲ್ಪ ಕಸರತ್ತು ಕೊಡೋಣವೆಂದು ನನಗೆ ಹೊಳೆಯಿತು. ಯೋಚನೆಯೇನೋ ಒಳ್ಳೆಯದೇ. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ಗುರುಗಳಿಗೆ ಗೊತ್ತಿರುವ ಬುದ್ಧಿಯ ಕಸರತ್ತು ಒಂದೇ, ಬೈಬಲ್ ಕ್ವಿಜ್. ಪಾಲಕ ಸಂತರ ಹಬ್ಬಕ್ಕೂ ಅದೇ, ಯುವಜನರ ಶಿಬಿರಕ್ಕೂ ಅದೇ. ಗುರುವಾರ ಸಂಜೆ ಸಭಾಂಗಣದಲ್ಲಿ ಕುರ್ಚಿ ಹಾಕಿಸಿ, ಮೊದಲ ಪ್ರಶ್ನೆಯನ್ನು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಕೇಳಿದೆ: ಹನ್ನೆರಡು ಮಂದಿ ಪ್ರೇಷಿತರ ಹೆಸರು ಹೇಳಿ. ಊರಿಗೆಲ್ಲ ಅವರು 'ಮೇಷ್ಟ್ರು'. ಪೇತ್ರ, ಅಂದ್ರೆಯ, ಯಕೋಬ, ಯೊವಾನ್ನ ಎಂದು ನಾಲ್ಕು ಹೆಸರು ಸರಾಗವಾಗಿ ಬಂದವು. ಐದನೆಯದು ಬರಲಿಲ್ಲ. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. "ಸುಳಿವು ಕೊಡಲೇ ಮೇಷ್ಟ್ರೇ?" ಎಂದೆ. ಅವರು ಊರುಗೋಲು ಊರಿಕೊಂಡು ಎದ್ದು ಹೊರಟೇಬಿಟ್ಟರು.

ಮರುವಾರ ಬರಲಿಲ್ಲ. ಮನೆಗೆ ಹೋದೆ. "ಸ್ತೋತ್ರ, ಸ್ವಾಮಿ" ಎಂದು ಬರಮಾಡಿಕೊಂಡು, ಕಾಫಿ ತರಿಸಿ, ಲೋಟ ಕೆಳಗಿಡುವ ತನಕ ಕಾದು, ಆಮೇಲೆ ಹೇಳಿದರು: "ಮೂವತ್ತಾರು ವರ್ಷ ಮಕ್ಕಳಿಗೆ ಪರೀಕ್ಷೆ ಮಾಡಿದೋನು ನಾನು. ಊರೋರ ಎದುರಿಗೆ ನನ್ನ ಫೇಲು ಮಾಡಬೇಡಿ, ಸ್ವಾಮಿ."

ಮೇಷ್ಟ್ರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದರು. ಅಂದಿನಿಂದ ಈ ವಿಷಯವನ್ನು ಮೊದಲಿನಿಂದ ಓದತೊಡಗಿದೆ. ಬಹುಕಾಲ ದಾದಿಯಾಗಿ ಸೇವೆ ಮಾಡಿದ ಒಬ್ಬ ಕನ್ಯಾಸ್ತ್ರೀ ನನಗೆ ಉಪಾಧ್ಯಾಯಿನಿಯಾದರು. ನಾನು ತಿಳಿದುಕೊಂಡದ್ದರ ಸಾರ ಇಷ್ಟು: ಮರೆವು ಆರಂಭವಾದವರಿಗೆ ಮೆದುಳಿನ ಅಭ್ಯಾಸ ಬೇಕು, ಅದರಿಂದ ಪ್ರಯೋಜನವೂ ಇದೆ. ಆದರೆ ನಾವು ಅಭ್ಯಾಸವೆಂದು ಮಾಡಿಸುವುದರಲ್ಲಿ ಮುಕ್ಕಾಲು ಪಾಲು ಪರೀಕ್ಷೆ.

ಮೊದಲು ವೈದ್ಯರ ಬಳಿಗೆ

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ನಮ್ಮಲ್ಲಿ ಎಷ್ಟೋ ಮಂದಿಯನ್ನು ಆಸ್ಪತ್ರೆಯಿಂದ ದೂರ ಇಟ್ಟಿದೆ. ವಯಸ್ಸಾದ ಮೇಲೆ ಹೆಸರು ತಟ್ಟನೆ ಹೊಳೆಯದಿರುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಹಜ. ಆದರೆ ಕೇಳಿದ್ದನ್ನೇ ಅರ್ಧ ಗಂಟೆಗೊಮ್ಮೆ ಕೇಳುವುದು, ನಲವತ್ತು ವರ್ಷ ಮಾಡಿದ ಸಾರಿಗೆ ಮುಂದೇನು ಹಾಕಬೇಕೆಂದು ತೋಚದೆ ಒಲೆಯ ಮುಂದೆ ನಿಲ್ಲುವುದು, ಪರಿಚಯದ ಬೀದಿಯಲ್ಲೇ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ಕೈಕೊಡುವುದು ಸಹಜವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ.

ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು ಕೂಡ ಬುದ್ಧಿಯನ್ನು ಮಂಕು ಮಾಡುತ್ತವೆ. ಇವುಗಳಿಗೆ ಚಿಕಿತ್ಸೆ ಇದೆ. ಕಿವಿಯನ್ನೂ ಪರೀಕ್ಷಿಸಿಸಿ. ಹೇಳಿದ್ದು ಕೇಳಿಸದೇ ಇದ್ದವರನ್ನು ಮರೆತರೆಂದು ಬೈಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನೆ ಚೆನ್ನಾಗಿದ್ದವರು ಇಂದು ಇದ್ದಕ್ಕಿದ್ದಂತೆ ಗಲಿಬಿಲಿಗೊಂಡರೆ ಅದು ಸೋಂಕು ಅಥವಾ ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರವೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಸೇರಿ 2022ರ ಜನವರಿಯಲ್ಲಿ ಮೆದುಳಿನ ಆರೋಗ್ಯಕ್ಕೆಂದೇ ಯೋಜನೆಯೊಂದನ್ನು ಆರಂಭಿಸಿವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ವಿಭಾಗವಿದೆಯೇ ಎಂದು ವಿಚಾರಿಸಿ. ಹಿರಿಯರ ಸಹಾಯವಾಣಿ 14567, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ.

"ಇಷ್ಟು ಓದಿದೋರಿಗೆ ಇದು ಯಾಕೆ ಬಂತು, ಸ್ವಾಮಿ?" ಎಂದು ಮೇಷ್ಟ್ರ ಹೆಂಡತಿ ಕೇಳಿದ್ದರು. ಓದು ಈ ಕಾಯಿಲೆಗೆ ಲಸಿಕೆಯಲ್ಲ, ಬ್ಯಾಂಕಿನ ಉಳಿತಾಯದ ಹಾಗೆ. ಅಮೆರಿಕದಲ್ಲಿ 1986ರಲ್ಲಿ ಆರಂಭವಾದ ಅಧ್ಯಯನವೊಂದಕ್ಕೆ ನೋಟ್ರ್ ಡೇಮ್ ಸಭೆಯ 678 ಕನ್ಯಾಸ್ತ್ರೀಯರು ಒಪ್ಪಿ, ಮರಣಾನಂತರ ತಮ್ಮ ಮೆದುಳನ್ನೂ ದಾನ ಮಾಡಿದರು. ಅವರಲ್ಲಿ ಒಬ್ಬ ಭಗಿನಿ 101ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಚುರುಕಾಗಿದ್ದರು. ಮೆದುಳನ್ನು ನೋಡಿದರೆ ಆಲ್ಜೈಮರ್ ಕಾಯಿಲೆಯ ಗುರುತುಗಳು ಧಾರಾಳವಾಗಿದ್ದವು! ಉಳಿತಾಯ ದೊಡ್ಡದಿದ್ದವರ ಖರ್ಚು ತಡವಾಗಿ ಹೊರಗೆ ಕಾಣುತ್ತದೆ. ಕಾಣಿಸಿಕೊಂಡ ಮೇಲೆ ನಮ್ಮ ಮುಂದಿರುವ ಪ್ರಶ್ನೆ ಬೇರೆ: ಉಳಿದಿರುವುದನ್ನು ಹೇಗೆ ಬಳಸಬೇಕು?

ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ

ಮೆದುಳಿನೊಳಗೆ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಹೊಸ ಸಂಗತಿಗಳನ್ನು ನೆನಪಿಗೆ ಸೇರಿಸುವುದರಲ್ಲಿ ಅದಕ್ಕೆ ಮುಖ್ಯ ಪಾತ್ರ. ಆಲ್ಜೈಮರ್ ಕಾಯಿಲೆ ಮೊದಮೊದಲು ಕೆಡಿಸುವ ಭಾಗಗಳಲ್ಲಿ ಅದೂ ಒಂದು. ಕಚೇರಿಯ ಉದಾಹರಣೆ ಕೊಡುವುದಾದರೆ, ಇಂದು ಬಂದ ಪತ್ರವನ್ನು ಕಡತಕ್ಕೆ ಸೇರಿಸುವ ಗುಮಾಸ್ತ ರಜೆ ಹಾಕಿದ್ದಾನೆ; ಕಪಾಟಿನಲ್ಲಿರುವ ಹಳೆಯ ಕಡತಗಳು ಬಹುಕಾಲ ಅಲ್ಲೇ ಇರುತ್ತವೆ. ಆದ್ದರಿಂದಲೇ ಬೆಳಗಿನ ತಿಂಡಿ ಏನೆಂದು ಹೇಳಲಾಗದ ಅಜ್ಜಿ ತನ್ನ ಮದುವೆಯ ಊಟದ ಎಲೆಯಲ್ಲಿ ಏನೇನಿತ್ತೆಂದು ಹೇಳಬಲ್ಲಳು. ಕೈಗೆ ಅಭ್ಯಾಸವಾದ ಕೆಲಸಗಳು, ಅಂದರೆ ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ರಂದಾ ಹಿಡಿಯುವುದು, ಇವು ಮೆದುಳಿನ ಬೇರೆ ಭಾಗಗಳನ್ನು ಆಶ್ರಯಿಸಿರುವುದರಿಂದ ಇನ್ನೂ ಹೆಚ್ಚು ಕಾಲ ಬಾಳುತ್ತವೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಚಿಕ್ಕ ಗ್ರಂಥವೊಂದಿತ್ತು, ಸಂತ ತೋಮಸ್ ಅಕ್ವಿನಾಸರು ಅದಕ್ಕೆ ವ್ಯಾಖ್ಯಾನ ಬರೆದಿದ್ದಾರೆ. ನೆನಪು ಇರುವುದು ಬೇರೆ, ನೆನಪನ್ನು ಹುಡುಕಿ ತೆಗೆಯುವುದು ಬೇರೆ ಎಂದು ಅದರಲ್ಲಿ ಭೇದ ಮಾಡಲಾಗಿದೆ. ಅಂದು ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತಿದ್ದೆ. ಮೇಷ್ಟ್ರು ಎದ್ದುಹೋದ ಮೇಲೆ ಅದು ಅರ್ಥವಾಯಿತು. ಫಿಲಿಪ್ಪನ ಹೆಸರು ಅವರೊಳಗೆ ಇತ್ತು, ಹುಡುಕಿ ತರುವ ಶಕ್ತಿ ಕುಂದಿತ್ತು. ನಾನು "ಫಿಲಿಪ್ಪ ಊರು ಬಿಟ್ಟು ಯೇಸುವಿನ ಹಿಂದೆ ಹೋದನಲ್ಲ, ಮನೆಯವರು ಏನಂದಿರಬಹುದು ಮೇಷ್ಟ್ರೇ?" ಎಂದು ಕೇಳಿದ್ದರೆ ಅವರು ಅರ್ಧ ಗಂಟೆ ಮಾತಾಡುತ್ತಿದ್ದರು.

ಮನೆಗಳಿಗೆ ಪರಮಪ್ರಸಾದ ಕೊಂಡೊಯ್ದಾಗ ಪ್ರತಿ ತಿಂಗಳೂ ಕೇಳುತ್ತೇನೆ: "ಅಮ್ಮ, ಯಾರು ಬಂದಿದ್ದಾರೆ ನೋಡು, ಯಾರು ಹೇಳು?" ಆ ತಾಯಿ ನನ್ನ ನಿಲುವಂಗಿಯನ್ನು ನೋಡುತ್ತಾರೆ, ಮಗಳ ಮುಖ ನೋಡುತ್ತಾರೆ, ನಗುತ್ತಾರೆ. ಆ ನಗುವಿನ ಹಿಂದೆ ಎಷ್ಟು ನಾಚಿಕೆ ಇರುತ್ತದೆಂದು ಈಗ ನನಗೆ ಗೊತ್ತು. "ಅಮ್ಮ, ಸ್ವಾಮಿಗಳು ಬಂದಿದ್ದಾರೆ, ಪರಮಪ್ರಸಾದ ತಂದಿದ್ದಾರೆ" ಎಂದರೆ ಏನು ನಷ್ಟ? ಉತ್ತರವನ್ನು ನೀವೇ ಕೊಟ್ಟುಬಿಡಿ. ಅಲ್ಲಿಂದ ಮುಂದಿನ ಮಾತು ಅವರದಾಗಲಿ.

ಆಟದ ಅಂಕವೂ ಗುರುವಾರದ ಹರಟೆಯೂ

ಮೇಷ್ಟ್ರ ಮಗ ಬೆಂಗಳೂರಿನಲ್ಲಿದ್ದಾನೆ. ಸುದ್ದಿ ತಿಳಿದ ವಾರದಲ್ಲೇ ಟ್ಯಾಬ್ ಒಂದನ್ನು ತಂದುಕೊಟ್ಟು, ಮೆದುಳಿನ ಆಟಗಳಿಗೆ ವರ್ಷದ ಚಂದಾ ಕಟ್ಟಿದ. ದಿನಾ ಸಂಜೆ ಫೋನ್ ಮಾಡಿದಾಗ ಮೊದಲ ಮಾತು, "ಅಪ್ಪ, ಇವತ್ತು ಸ್ಕೋರ್ ಎಷ್ಟು?" ಅಂಕ ಇಳಿದ ದಿನ ಮೇಷ್ಟ್ರು ಫೋನ್ ಎತ್ತುತ್ತಿರಲಿಲ್ಲ. ಮಗನ ಮೇಲೆ ತಪ್ಪು ಹೊರಿಸಬೇಡಿ. ದೂರದಲ್ಲಿರುವವನ ಕೈಗೆ ಸಿಗುವುದು ಅಂಕವೊಂದೇ. ಅವನ ಹೆದರಿಕೆಗೆ ಅದೇ ಆಧಾರ.

ಇಂಥ ಆಟಗಳನ್ನು ಆಡಿದರೆ ಆ ಆಟದಲ್ಲಿ ಕೈ ಪಳಗುತ್ತದೆ. ಅದು ಅಡುಗೆಮನೆಗೂ ಅಂಗಡಿಗೂ ಹರಿದು ಬರುವುದೇ ಎಂಬುದು ಬೇರೆ ವಿಚಾರ. 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಡಿಮೆನ್ಷಿಯಾವನ್ನೂ ತಡೆಯಬಹುದೆಂಬಂತೆ ಆಧಾರವಿಲ್ಲದೆ ಜಾಹೀರಾತು ಮಾಡಿದ ಆರೋಪವನ್ನು ಆಟದ ಕಂಪನಿಯೊಂದರ ಮೇಲೆ ಹೊರಿಸಿತು. ಕಂಪನಿ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇಂಗ್ಲೆಂಡಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ 'ನೈಸ್' ಸಂಸ್ಥೆ 2018ರಲ್ಲಿ, ಆಲ್ಜೈಮರ್ ಕಾಯಿಲೆಗೆ ಚಿಕಿತ್ಸೆಯೆಂದು ಬರಿಯ ಬುದ್ಧಿ ತರಬೇತಿ ಕೊಡಬೇಡಿ ಎಂದಿತು. ಅದೇ ಮಾರ್ಗಸೂಚಿ ಇನ್ನೊಂದನ್ನು ಶಿಫಾರಸು ಮಾಡಿತು: ಗುಂಪಿನಲ್ಲಿ ನಡೆಸುವ ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ. ಹೆಸರಿಗೆ ಹೆದರಬೇಡಿ. ಏಳೆಂಟು ಮಂದಿ ಕೂತು, ಒಂದು ವಿಷಯ ಹಿಡಿದು, ನೋಡಿ, ಮುಟ್ಟಿ, ಮೂಸಿ, ಮಾತಾಡುವುದು. ವಾರಕ್ಕೆ ಎರಡು ಬಾರಿ, ಮುಕ್ಕಾಲು ಗಂಟೆ, ಏಳು ವಾರ, ಒಟ್ಟು 14 ಸಲ. 2003ರಲ್ಲಿ ಬ್ರಿಟನ್ನಿನಲ್ಲಿ 201 ಮಂದಿಯ ಮೇಲೆ ನಡೆದ ಪ್ರಯೋಗದ ವರದಿ ಬಂದಾಗ, ಭಾಗವಹಿಸಿದವರ ಬುದ್ಧಿಶಕ್ತಿಯಲ್ಲೂ ಜೀವನದ ನೆಮ್ಮದಿಯಲ್ಲೂ ಅಲ್ಪಸ್ವಲ್ಪ ಸುಧಾರಣೆ ಕಂಡಿತ್ತು. ಚೆನ್ನೈಯಲ್ಲಿ ಇದನ್ನು ತಮಿಳಿಗೂ ಹೊಂದಿಸಿದ್ದಾರೆ. ಕಾಯಿಲೆ ಇದರಿಂದ ವಾಸಿಯಾಗುವುದಿಲ್ಲ. ಯಾರಾದರೂ ವಾಸಿಯಾಗುತ್ತದೆ ಎಂದರೆ ಜೇಬಿನ ಮೇಲೆ ಕೈಯಿಟ್ಟುಕೊಳ್ಳಿ.

ಅದರ ಮುಖ್ಯ ನಿಯಮ ನನಗೆ ಬಹಳ ಹಿಡಿಸಿತು: ಮಾಹಿತಿ ಕೇಳಬಾರದು, ಅಭಿಪ್ರಾಯ ಕೇಳಬೇಕು. ಅಭಿಪ್ರಾಯದಲ್ಲಿ ತಪ್ಪು ಉತ್ತರವೇ ಇಲ್ಲ. ನಮ್ಮದು ವಾರಕ್ಕೊಂದೇ ಸಲ, ತರಬೇತಿ ಪಡೆದವರೂ ನಾವಲ್ಲ. ಆದ್ದರಿಂದ ಅದನ್ನು ಚಿಕಿತ್ಸೆ ಎಂದು ಕರೆಯಲಾರೆ. ಬರುವವರು ಅದನ್ನು ಹರಟೆ ಎನ್ನುತ್ತಾರೆ. ಕಪ್ಪುಹಲಗೆಯ ಮೇಲೆ ದಿನ, ತಾರೀಖು, ಅಂದಿನ ಸಂತರ ಹೆಸರು ಬರೆದಿರುತ್ತೇವೆ; ಯಾರೂ ಅದನ್ನು ಕೇಳುವುದಿಲ್ಲ, ಬೇಕಾದವರು ನೋಡಿಕೊಳ್ಳುತ್ತಾರೆ. ಒಂದು ಹಾಡು. ಆಮೇಲೆ ವಿಷಯ. ಒಮ್ಮೆ ಒಂದು ಬಟ್ಟಲಲ್ಲಿ ಹುರಿದ ಕಾಫಿಬೀಜ, ಇನ್ನೊಂದರಲ್ಲಿ ಚಿಕೋರಿ ಪುಡಿ ಇಟ್ಟು ಎಲ್ಲರಿಗೂ ಮೂಸಲು ಕೊಟ್ಟೆವು. ಚಿಕೋರಿ ಸೇರಿಸುವುದು ಮೋಸ ಎಂದು ಮೇಷ್ಟ್ರು. ಸೇರಿಸದಿದ್ದರೆ ಬಣ್ಣ ಎಲ್ಲಿಂದ ಬರುತ್ತದೆಂದು ಒಬ್ಬ ಮುದುಕ ಬಡಗಿ. ಆ ಬಡಗಿ ಅದಕ್ಕೆ ಮೊದಲು ಮೂರು ವಾರ ತುಟಿ ಬಿಚ್ಚಿರಲಿಲ್ಲ. ಅವರ ಮನೆಮಾತು ತಮಿಳು. ಅಂದಿನಿಂದ ನಮ್ಮ ಹರಟೆ ಎರಡು ಭಾಷೆಯಲ್ಲಿ ನಡೆಯುತ್ತಿದೆ. ಯಾವ ಭಾಷೆಯಲ್ಲಿ ಜೋಗುಳ ಕೇಳಿದರೋ ಆ ಭಾಷೆಯಲ್ಲಿ ಮಾತಾಡಿಸಿ ನೋಡಿ, ಕೊಂಕಣಿಯಾದರೂ ಸರಿ, ತಮಿಳಾದರೂ ಸರಿ.

ಮನೆಯಲ್ಲಿ ಇದನ್ನೇ ಇಬ್ಬರು ಮಾಡಿದರೆ? ಬ್ರಿಟನ್ನಿನಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ರೋಗಿ ಮತ್ತು ಆರೈಕೆ ಮಾಡುವವರು ಸೇರಿ 356 ಜೋಡಿಗಳಿಗೆ ವಾರಕ್ಕೆ ಮೂರು ಬಾರಿ, ಅರ್ಧರ್ಧ ಗಂಟೆಯಂತೆ 25 ವಾರಗಳ ಅಭ್ಯಾಸವನ್ನು ಗೊತ್ತುಮಾಡಿ, ಮಾಡಿದವರನ್ನೂ ಮಾಡದವರನ್ನೂ ಹೋಲಿಸಿ ನೋಡಿದರು. 2017ರಲ್ಲಿ ಫಲಿತಾಂಶ ಬಂತು. ರೋಗಿಯ ನೆನಪಿನಲ್ಲಿ, ಬುದ್ಧಿಯಲ್ಲಿ ಸುಧಾರಣೆ ಕಾಣಲಿಲ್ಲ. ಆದರೆ ಅಭ್ಯಾಸ ಮಾಡಿದ ಮನೆಗಳಲ್ಲಿ ಇಬ್ಬರ ನಡುವಣ ಬಾಂಧವ್ಯ ಮೇಲಾಗಿತ್ತು, ಆರೈಕೆ ಮಾಡುವವರ ನೆಮ್ಮದಿಯೂ ಹೆಚ್ಚಿತ್ತು. ವಿಜ್ಞಾನಿಗಳ ದೃಷ್ಟಿಯಲ್ಲಿ ಅದು ಅರ್ಧ ಸೋಲು. ಕುಟುಂಬಗಳನ್ನು ಹತ್ತಿರದಿಂದ ನೋಡುವ ನನಗೆ ಹಾಗೆ ಕಾಣುವುದಿಲ್ಲ. ನೆನಪು ಹೇಗೂ ಇಳಿಯುತ್ತಾ ಹೋಗುವುದೇ. ಅಷ್ಟರೊಳಗೆ ಗಂಡಹೆಂಡಿರ ನಡುವೆ, ತಂದೆಮಕ್ಕಳ ನಡುವೆ ಜಗಳ ಬೆಳೆದಿತ್ತೋ ಮಾತು ಬೆಳೆದಿತ್ತೋ ಎಂಬುದು ಸಣ್ಣ ವಿಷಯವೇ?

ಒಂದೇ ಒಂದು ಸಂಗತಿ ಕಲಿಸುವುದು

ಹೊಸದನ್ನು ಕಲಿಸಲು ಸಾಧ್ಯವೇ ಇಲ್ಲವೆಂದಲ್ಲ. ಒಂದು ಸಂಗತಿ, ದಿನಬಳಕೆಗೆ ಬೇಕಾದದ್ದು, ರೋಗಿಯೇ ಆರಿಸಿಕೊಂಡದ್ದಾದರೆ ಕಲಿಸಬಹುದು. ಮೇಷ್ಟ್ರು ದಿನಕ್ಕೆ ಇಪ್ಪತ್ತು ಸಲ "ಮಾತ್ರೆ ತಗೊಂಡೆನಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದರು. ಕೇಳುವುದರಿಂದ ಅವರಿಗೂ ಅವಮಾನ, ಉತ್ತರಿಸಿ ಉತ್ತರಿಸಿ ಆಕೆಗೂ ಸಾಕು. ನಮ್ಮ ಭಗಿನಿ ಒಂದು ಉಪಾಯ ಹೇಳಿಕೊಟ್ಟರು. ಗೋಡೆಯ ಕ್ಯಾಲೆಂಡರಿನಲ್ಲಿ, ಮಾತ್ರೆ ನುಂಗಿದ ಕೂಡಲೇ ಮೇಷ್ಟ್ರೇ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಬೇಕು. ನೂರಾರು ಉತ್ತರಪತ್ರಿಕೆ ತಿದ್ದಿದ ಕೈ, ಗುರುತು ಹಾಕುವುದು ಕಷ್ಟವಾಗಲಿಲ್ಲ. ಆದರೆ ಸಂಶಯ ಬಂದಾಗ ಕ್ಯಾಲೆಂಡರ್ ನೋಡಬೇಕೆಂಬುದೇ ನೆನಪಾಗಬೇಕಲ್ಲ!

ಅದಕ್ಕೆ ಹೀಗೆ ಮಾಡಿದರು. ಮೊದಲು ಉತ್ತರವನ್ನು ಹೇಳಿಕೊಟ್ಟರು: "ಮಾತ್ರೆಯ ಸಂಶಯ ಬಂದರೆ ಕ್ಯಾಲೆಂಡರ್ ನೋಡುವುದು." ಕೂಡಲೇ ಕೇಳಿದರು: "ಸಂಶಯ ಬಂದರೆ ಏನು ಮಾಡ್ತೀರಿ?" "ಕ್ಯಾಲೆಂಡರ್ ನೋಡ್ತೀನಿ." ಎದ್ದು ಹೋಗಿ ನೋಡಿಯೂ ಬಂದರು. ಅರ್ಧ ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಆಮೇಲೆ ಒಂದು ನಿಮಿಷ, ಎರಡು, ನಾಲ್ಕು, ಎಂಟು. ನಡುವಿನ ಹೊತ್ತಿನಲ್ಲಿ ಮಳೆ, ಬೆಳೆ, ಮೊಮ್ಮಕ್ಕಳ ಮಾತು. ತಪ್ಪಿದರೆ "ಯೋಚನೆ ಮಾಡಿ, ಯೋಚನೆ ಮಾಡಿ" ಎಂದು ಪೀಡಿಸಬಾರದು. ತಕ್ಷಣ ಸರಿ ಉತ್ತರ ಹೇಳಿ, ಅವರ ಬಾಯಲ್ಲಿ ಹೇಳಿಸಿ, ಹಿಂದೆ ಯಾವ ಅಂತರದಲ್ಲಿ ಸರಿಯಾಗಿತ್ತೋ ಅಲ್ಲಿಗೆ ಮರಳಬೇಕು. ಊಹೆ ಮಾಡಿ ಹೇಳಿದ ತಪ್ಪು ಉತ್ತರವೇ ಮನಸ್ಸಿನಲ್ಲಿ ಬೇರು ಬಿಡುವ ಅಪಾಯವಿದೆ. ಕೇಳುವುದು ಇಲ್ಲೂ ಇದೆ, ಆದರೆ ಗೆಲ್ಲುವುದು ಖಚಿತವಾಗಿರುವಾಗ ಮಾತ್ರ ಕೇಳುವುದು. ಮೂರು ವಾರ ಹಿಡಿಯಿತು. ಈಗಲೂ ದಿನಕ್ಕೆ ಎರಡು ಮೂರು ಸಲ ಕೇಳುತ್ತಾರೆ. ಇಪ್ಪತ್ತಕ್ಕೆ ಹೋಲಿಸಿದರೆ ಆಕೆಗೆ ಅದು ಹಬ್ಬ.

"ಗೋಡೆ ನೋಡಿ ಹೇಳಿದರೆ ಅದು ಕಾಪಿ ಹೊಡೆದಂತೆ" ಎಂದು ಮೇಷ್ಟ್ರು ಮೊದಲಿಗೆ ಮುನಿಸಿಕೊಂಡಿದ್ದರು. ನಾನು ಅವರ ಕೈಯಲ್ಲಿದ್ದ ಜಪಸರವನ್ನು ತೋರಿಸಿದೆ. ಒಂದು ರಹಸ್ಯಕ್ಕೆ ಹತ್ತು ನಮೋ ಮರಿಯಾ ಎಂಬುದನ್ನು ನಾವು ತಲೆಯಲ್ಲಿ ಎಣಿಸುತ್ತೇವೆಯೇ? ಬೆರಳಿಗೂ ಮಣಿಗೂ ಒಪ್ಪಿಸಿ, ಮನಸ್ಸನ್ನು ರಹಸ್ಯದ ಮೇಲಿಡುತ್ತೇವೆ. ಶತಮಾನಗಳಿಂದ ಧರ್ಮಸಭೆ ಅದನ್ನು ಕಾಪಿ ಎಂದು ಕರೆದಿಲ್ಲ. ಕ್ಯಾಲೆಂಡರ್, ಬಾಗಿಲ ಮೇಲೆ ಬರೆದಿಟ್ಟ ಚೀಟಿ, ಡಬ್ಬಿಗಳ ಮೇಲೆ ಅಂಟಿಸಿದ ಹೆಸರು, ಕೀಲಿಕೈಗೆಂದೇ ಒಂದು ಮೊಳೆ, ಎಲ್ಲವೂ ಮಣಿಗಳೇ. ಎಲ್ಲ ವಸ್ತುವೂ ತನ್ನ ಜಾಗದಲ್ಲೇ ಇರಲಿ. ಸೊಸೆ ಅಡುಗೆಮನೆಯನ್ನು ಚೆಂದ ಮಾಡಲು ಹೊರಟ ದಿನ ಅತ್ತೆಗೆ ಮನೆಯೇ ಪರದೇಶವಾಗುತ್ತದೆ. ಹಣಕಾಸು, ಆಸ್ತಿಯ ಮಾತುಗಳನ್ನೂ ಅವರು ಸ್ಪಷ್ಟವಾಗಿ ಹೇಳಬಲ್ಲ ಈ ಹಂತದಲ್ಲೇ ಅವರನ್ನು ಕೂರಿಸಿಕೊಂಡು ಮುಗಿಸಿ.

ಜೊತೆಯಲ್ಲಿರುವವರು

ಪವಿತ್ರ ಕುಟುಂಬದ ಹಬ್ಬದಂದು ನಾವು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದುವುದುಂಟು. ತಂದೆಯ ಬುದ್ಧಿ ಕುಂದಿದಾಗಲೂ ತಾಳಿಕೊಂಡಿರಬೇಕೆಂಬ ಬುದ್ಧಿವಾದ ಅಲ್ಲಿದೆ. ಗ್ರಂಥಕರ್ತ ಅದನ್ನು ಹೇಳಿದ್ದು ಮಗನಿಗೆ. ನಮ್ಮ ಮನೆಗಳಲ್ಲಿ ಆ ತಾಳ್ಮೆಯ ಭಾರ ಬೀಳುವುದು ಹೆಂಡತಿಯ ಮೇಲೆ, ಸೊಸೆಯ ಮೇಲೆ, ಮದುವೆಯಾಗದೆ ಉಳಿದ ಮಗಳ ಮೇಲೆ. ರೇಗಿದ್ದಕ್ಕೆ ಅವರು ಪಾಪನಿವೇದನೆಗೆ ಬರುತ್ತಾರೆ. ಒಂದು ದಿನವೂ ಜೊತೆಗೆ ಕೂರದ ಗಂಡುಮಕ್ಕಳು ಬರುವುದು ಅಪರೂಪ. ಈ ಸಾಲನ್ನು ಓದುತ್ತಿರುವ ಗಂಡುಮಕ್ಕಳು ದಯವಿಟ್ಟು ಪುಟ ತಿರುವಬೇಡಿ. ವಾರದಲ್ಲಿ ಒಂದು ಮಧ್ಯಾಹ್ನ ನಿಮ್ಮದಾಗಲಿ. ದೂರದಲ್ಲಿದ್ದರೆ ಫೋನಿನಲ್ಲಿ ಪ್ರಶ್ನೆ ಕೇಳಬೇಡಿ, ಸುದ್ದಿ ಹೇಳಿ.

ಮೇಷ್ಟ್ರ ಮಗನಿಗೂ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಬರತ್ತೇನೋ ಅಂತ ಭಯ, ಸ್ವಾಮಿ" ಎಂದ. ತಂದೆಗೆ ಬಂತೆಂದ ಮಾತ್ರಕ್ಕೆ ಮಗನಿಗೆ ಬಂದೇ ಬರುತ್ತದೆಂದಲ್ಲ; ರಕ್ತದೊತ್ತಡ, ಸಕ್ಕರೆ, ಕಿವಿ ನೋಡಿಸಿಕೊ, ಬೀಡಿ ಸಿಗರೇಟು ಬಿಡು, ನಡೆ ಎಂದೆ. ಈಗ ಸಂಜೆ ಫೋನ್ ಮಾಡಿ ಕೆರೆ ಏರಿಯ ಮೇಲೆ ಅಪ್ಪ ಸೈಕಲ್ ಕಲಿಸಿದ್ದನ್ನು ತಾನೇ ಹೇಳುತ್ತಾನೆ. ಮೇಷ್ಟ್ರು ನಡುವೆ ಬಾಯಿ ಹಾಕಿ ತಿದ್ದುತ್ತಾರೆ. ಟ್ಯಾಬ್ ಕಪಾಟಿನಲ್ಲಿದೆ, ಮೊಮ್ಮಗ ರಜೆಗೆ ಬಂದಾಗ ಹೊರಗೆ ಬರುತ್ತದೆ.

ಗುರುವಾರ ಮೇಷ್ಟ್ರನ್ನು ಸಭಾಂಗಣಕ್ಕೆ ಬಿಟ್ಟು ಅವರ ಹೆಂಡತಿ ದೇವಾಲಯದೊಳಗೆ ಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಮುಕ್ಕಾಲು ಗಂಟೆ ಕೂತಿರುತ್ತಾರೆ. ಪ್ರಾರ್ಥನೆಯೋ ನಿದ್ದೆಯೋ ನಾನು ಕೇಳಿಲ್ಲ. ಹರಟೆ ಮುಗಿದರೂ ಐದು ನಿಮಿಷ ತಡಮಾಡಿಯೇ ಕರೆಯುತ್ತೇನೆ.